ಚಾಕಣದ ಕೂಲಿಂಗ್ ಲೈನಿನ ತೂತು: ಲೋಳೆಯ ಕೆಳಗೆ ನೋಡಿ

ಪುಣೆ ಬಳಿಯ ಚಾಕಣದ ನಿಮ್ಮ ಕಾರ್ಖಾನೆಯ ಕೂಲಿಂಗ್ ನೀರಿನಲ್ಲಿ ಕ್ಲೋರಿನ್ ಸರಿಯಿದ್ದರೂ ಸ್ಟ್ಯಾಂಡ್‌ಬೈ ಲೈನಿನಲ್ಲಿ (ಬೇಕಾದಾಗ ಮಾತ್ರ ಓಡಿಸುವ ಮೀಸಲು ಪೈಪಿನಲ್ಲಿ) ಸೂಜಿತೂತು, ಒಳಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ ಅಂದಿರಿ. ಇದು ಬಹುಶಃ ನೀರಿನ ಸಲ್ಫೇಟನ್ನು ಉಕ್ಕು ತಿನ್ನುವ ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾದ ಕೆಲಸ. ಪೈಪಿನ ಒಳಗೋಡೆಗೆ ಅಂಟಿದ ಲೋಳೆಯ ಅಡಿಯಲ್ಲಿ, ಆಮ್ಲಜನಕ ಸಿಗದ ಕಡೆ ಅವು ಬೆಳೆಯುತ್ತವೆ. ಅದಕ್ಕೇ ನೀರಿನ ಸ್ಯಾಂಪಲ್ ಚೊಕ್ಕವಾಗಿ ಬರುತ್ತದೆ.

ಕತ್ತರಿಸಿದ ಪೈಪಿನ ತುಂಡನ್ನು ತೊಳೆಯಬೇಡಿ, ಒಣಗಲೂ ಬಿಡಬೇಡಿ. ಚಿಟಿಕೆ ಕೆಸರಿಗೆ ಬಯಲಲ್ಲಿ ಒಂದೆರಡು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ. ವಾಸನೆ ಜಾಸ್ತಿಯಾದರೆ ಸಲ್ಫೈಡ್ ಇದೆ. ಮೂಗು ಹತ್ತಿರ ತರಬೇಡಿ, ಆ ಗ್ಯಾಸ್ ವಿಷ. ಇಷ್ಟರಿಂದಲೇ ಖಾತ್ರಿ ಆಗಲ್ಲ, ಉಳಿದದ್ದನ್ನು ಲ್ಯಾಬಿಗೆ ಕಳಿಸಿ.

ಆಮೇಲೆ ಲೈನಿಗೆ ಬ್ರಷ್ ಹಾಕಿ, ಬಯೋಡಿಸ್ಪರ್ಸೆಂಟ್ (ಲೋಳೆ ಬಿಡಿಸುವ ರಾಸಾಯನಿಕ) ಸುತ್ತಿಸಿ, ಕೊಳೆನೀರು ಪೂರ್ತಿ ಹೊರಬಿಡಿ. ಲೋಳೆ ಕೀಳದೆ ಸುಮ್ನೆ ಕ್ಲೋರಿನ್ ಸುರಿದರೆ ಮೇಲ್ಪದರ ಮಾತ್ರ ಸಾಯುತ್ತದೆ, ಉಕ್ಕೂ ಸವೆಯುತ್ತದೆ. ಪಿಎಚ್ 8 ದಾಟಿದ್ದರೆ ಕ್ಲೋರಿನ್ನಿನ ಬಲ ತಗ್ಗುತ್ತದೆ, ಬ್ರೋಮಿನ್ ವಾಸಿ. ನಡುನಡುವೆ ಗ್ಲುಟರಾಲ್ಡಿಹೈಡ್‌ನಂಥ ಬಯೋಸೈಡ್ (ಸೂಕ್ಷ್ಮಾಣು ಕೊಲ್ಲುವ ರಾಸಾಯನಿಕ) ಕೂಡ ಕೊಡಿ.

ಸ್ಟ್ಯಾಂಡ್‌ಬೈ ಲೈನನ್ನು ವಾರಕ್ಕೊಮ್ಮೆಯಾದರೂ ಓಡಿಸಿ. ಭೋಸರಿಯ ಕಾರ್ಖಾನೆಯಲ್ಲಿ ನಾವು ಪೈಪ್ ಮಾತ್ರ ಬದಲಿಸಿ, ನೀರು ನಿಂತೇ ಇರಲು ಬಿಟ್ಟೆವು. ಹೊಸ ಪೈಪೂ ತೂತಾಯಿತು.

ಉಳಿದ ಪೈಪಿನ ದಪ್ಪವನ್ನು ಅಲ್ಟ್ರಾಸಾನಿಕ್‌ನಲ್ಲಿ ಅಳೆಸಿ. ತಳಭಾಗದಲ್ಲಿ ಹತ್ತಿರ ಹತ್ತಿರ ಅಳೆಯಲು ಹೇಳಿ, ಇಲ್ಲದಿದ್ದರೆ ಸಣ್ಣ ಗುಳಿ ತಪ್ಪಿಹೋಗುತ್ತದೆ.