ನಲವತ್ತು ಲೋಡು ಮರಳು

ಪ್ರಶ್ನೆ: ಊರಿನಲ್ಲಿದ್ದಾಗ ಪ್ರತಿ ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತಿದ್ದೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಸ್ನೇಹಿತರು, ಪಾರ್ಟಿ, ಮೊಬೈಲ್, ಭಾನುವಾರದ ನಿದ್ದೆ, ಇವುಗಳ ನಡುವೆ ಕ್ರೈಸ್ತ ಮೌಲ್ಯಗಳನ್ನು ಉಳಿಸಿಕೊಳ್ಳುವುದು ಹೇಗೆ?

ನಿಮ್ಮ ಪಟ್ಟಿಯಲ್ಲಿ ಪಾರ್ಟಿ ಇದೆ, ಮೊಬೈಲ್ ಇದೆ, ನಿದ್ದೆಯೂ ಇದೆ. ಕಚೇರಿಯ ಮೇಜು ಮಾತ್ರ ಇಲ್ಲ. ನಾನು ಜಾರಿದ್ದು ಅಲ್ಲೇ ಆದ್ದರಿಂದ ಅದರಿಂದಲೇ ಶುರು ಮಾಡುತ್ತೇನೆ.

ನಾನು ಮಂಗಳೂರಿನವನು, ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವನು. ಮನೆಯಲ್ಲಿ ತುಳು, ದೇವಾಲಯದಲ್ಲಿ (ಚರ್ಚನ್ನು ನಾವು ಹಾಗೆನ್ನುತ್ತೇವೆ) ಕನ್ನಡ. 1991ರಲ್ಲಿ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದೆ. ಹೊರಡುವ ರಾತ್ರಿ ಅಮ್ಮ ಹೇಳಿದ ಬುದ್ಧಿಮಾತೆಲ್ಲ ಸಿಗರೇಟು, ಸಿನಿಮಾ, ಕೆಟ್ಟ ಸಹವಾಸದ ಕುರಿತೇ ಇತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಕಚೇರಿಯವರು ಪಾರ್ಟಿಗೆ ಕರೆದಾಗ ‘ನಾನು ಅಂಥವನಲ್ಲ’ ಎನ್ನುವ ಮುಖ ಮಾಡಿ ಬಸ್ ಹಿಡಿಯುತ್ತಿದ್ದೆ. ನಿಜ ಹೇಳಬೇಕೆಂದರೆ, ಹಾಗೆ ಬಸ್ ಹಿಡಿಯುವುದರಲ್ಲಿ ಒಂದು ಸುಖವಿತ್ತು. ಪಾರ್ಟಿಗೆ ಹೋದವರಿಗೂ ಅಷ್ಟು ಸುಖ ಸಿಕ್ಕಿರಲಾರದು.

2003ರ ಹೊತ್ತಿಗೆ ಕಟ್ಟಡ ಕಟ್ಟಿಸುವ ಒಂದು ಕಂಪನಿಯಲ್ಲಿದ್ದೆ. ಒಂದು ಶನಿವಾರ ಸಂಜೆ ಮರಳಿನ ಬಿಲ್ಲು ಬಂತು. ಬಿಲ್ಲಿನಲ್ಲಿ ನಲವತ್ತು ಲೋಡು, ಸ್ಟೋರಿನ ಪುಸ್ತಕದಲ್ಲಿ ಮೂವತ್ತೊಂದು. ‘ಉಳಿದದ್ದು ಮುಂದಿನ ವಾರ ಬರುತ್ತದೆ, ಬಂದಿದೆ ಎಂದೇ ಬರೆಯಿರಿ’ ಎಂದರು ಮ್ಯಾನೇಜರ್. ಸ್ಟೋರ್ ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಒಬ್ಬ ಮುಸ್ಲಿಂ ಸಾಹೇಬರು. ನಾನು ಹೋದಾಗ ಸಿಮೆಂಟ್ ಚೀಲಗಳ ಪಕ್ಕದ ಡ್ರಮ್ಮಿನ ನಲ್ಲಿಯಲ್ಲಿ ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದರು. ಚೀಟಿ ನೋಡಿ, ತಲೆ ಎತ್ತದೆಯೇ ಹೇಳಿದರು: ‘ನಾನು ಎಣಿಸಿದ್ದು ಮೂವತ್ತೊಂದು ಸಾರ್. ಉಳಿದ ಒಂಬತ್ತನ್ನು ಯಾರು ಎಣಿಸಿದರೋ ಅವರೇ ಸಹಿ ಹಾಕಲಿ.’

ಸಹಿ ನಾನು ಹಾಕಿದೆ. ‘ಸ್ವೀಕರಿಸಲಾಗಿದೆ’ ಎಂಬ ಮೊಹರನ್ನೂ ಒತ್ತಿದೆ. ಆಗ ತಲೆಯಲ್ಲಿ ಎರಡು ವಿಷಯ ಓಡುತ್ತಿತ್ತು. ಒಂದು, ಖಾಲಿ ಬೀಳಲಿದ್ದ ಮೇಲಿನ ಹುದ್ದೆ. ಇನ್ನೊಂದು, ಆರು ಗಂಟೆಗೆ ನಮ್ಮ ಸಭಾ ಸಮಿತಿಯ ಕೂಟ. ನಾನು ಖಜಾಂಚಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಯಾರು ಕುಂಬಳಕಾಯಿಗೆ ಎಷ್ಟು ಕೂಗಿದರು, ಯಾರು ಇನ್ನೂ ದುಡ್ಡು ಕೊಟ್ಟಿಲ್ಲ ಎಂಬ ಲೆಕ್ಕ ಒಪ್ಪಿಸಬೇಕಿತ್ತು. ದೇವಾಲಯದ ಕುಂಬಳಕಾಯಿಗೆ ಪೈಸೆ ಪೈಸೆ ಲೆಕ್ಕ ಕೊಡುವ ಅವಸರದಲ್ಲಿ ಬಾರದ ಮರಳು ಬಂದಿದೆ ಎಂದು ಬರೆದುಕೊಟ್ಟೆ.

ಮರುದಿನ ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಪವಿತ್ರ ಭೋಜನ. ಮೊಣಕಾಲೂರಿ ಕೈ ಚಾಚಿದಾಗ ಹೆಬ್ಬೆರಳಿನ ತುದಿಯಲ್ಲಿ ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿ ಇನ್ನೂ ಇತ್ತು. ಕಣ್ಣೀರು ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಪಾಸ್ಟರು ನೋಡಿದರೇ ಎಂದು ಹೆಬ್ಬೆರಳನ್ನು ಮಡಚಿಕೊಂಡೆ, ಅಷ್ಟೇ.

ಆಮೇಲೆ ಐದಾರು ತಿಂಗಳು ಇಂಥ ಚೀಟಿಗಳಿಗೆ ಸಹಿ ಹಾಕಿದೆ. ಎರಡನೆಯ ಸಲಕ್ಕೇ ಎದೆ ಹೊಡೆದುಕೊಳ್ಳುವುದು ನಿಂತಿತ್ತು. ಯೇಸು ಹೇಳಿದ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತದ ಕಥೆಯನ್ನು, ಸಂಡೇ ಸ್ಕೂಲಿನಲ್ಲಿ ನೀವೂ ಕಲಿತಿರುತ್ತೀರಿ. ದಾರಿಯ ಮಗ್ಗುಲಿಗೆ ಬಿದ್ದ ಬೀಜವನ್ನು ಹಕ್ಕಿ ತಿನ್ನುತ್ತದೆ, ಬಂಡೆಯ ನೆಲದಲ್ಲಿ ಬಿದ್ದದ್ದು ಬಿಸಿಲಿಗೆ ಒಣಗುತ್ತದೆ. ಮುಳ್ಳುಗಿಡಗಳ ನಡುವೆ ಬಿದ್ದದ್ದು ಮಾತ್ರ ಸಾಯುವುದೂ ಇಲ್ಲ, ಫಲ ಕೊಡುವುದೂ ಇಲ್ಲ. ಆ ಮುಳ್ಳು ಯಾವುದೆಂದು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸುವೇ ಬಿಡಿಸಿ ಹೇಳುತ್ತಾನೆ: ಬದುಕಿನ ಚಿಂತೆ, ಐಶ್ವರ್ಯದ ಮೋಸ, ಉಳಿದವುಗಳ ಮೇಲಿನ ಆಸೆ. ಚಿಂತೆ ಮೊದಲು ಬರುತ್ತದೆ ನೋಡಿ. ಮನೆಯ ಸಾಲ, ಮಗಳ ಶಾಲೆಯ ಫೀಸು, ಬಡ್ತಿ. ಹೆಂಡದಂಗಡಿಯ ದಾರಿ ಬಿಟ್ಟು ನಡೆಯಬಹುದು. ಫೀಸು ಕಟ್ಟುವ ದಾರಿ ಬಿಟ್ಟು ಹೇಗೆ ನಡೆಯುತ್ತೀರಿ? ಲೋಕ ನನ್ನನ್ನು ಎಳೆದದ್ದು ಹೀಗೆ, ಒಳ್ಳೆಯ ಗಂಡಸು, ಜವಾಬ್ದಾರಿಯ ತಂದೆ, ನಂಬಿಕಸ್ಥ ಖಜಾಂಚಿ ಎಂಬ ಹೆಸರುಗಳ ಮರೆಯಲ್ಲಿ.

ಇದು ಹೊರಗೆ ಬಿದ್ದದ್ದು ಪ್ರಾರ್ಥನೆಯಿಂದಲ್ಲ. ವರ್ಷದ ಕೊನೆಗೆ ಕಂಪನಿ ನನಗೆ ಬೋನಸ್ ಕೊಟ್ಟಿತು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಕೇಳಿದಳು: ‘ದಶಮಾಂಶ ತೆಗೆಯುವಾಗ ಬೋನಸ್ಸನ್ನೂ ಸೇರಿಸಿ ಲೆಕ್ಕ ಹಾಕುತ್ತೀರಾ, ಸಂಬಳ ಮಾತ್ರವೇ?’ ದಶಮಾಂಶವೆಂದರೆ ದೇವರಿಗೆಂದು ಕೊಡುವ ಆದಾಯದ ಹತ್ತರಲ್ಲೊಂದು ಪಾಲು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಬರಿಯ ಲೆಕ್ಕದ ಪ್ರಶ್ನೆ. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ತುರಿಯುವುದು ನಿಂತಿತು. ಆ ರಾತ್ರಿ ಎಲ್ಲ ಹೇಳಿದೆ.

ಸೋಮವಾರ ಮ್ಯಾನೇಜರ್ ಬಳಿ ಹೋಗಿ, ಇನ್ನು ಸ್ಟೋರಿನ ಪುಸ್ತಕ ನೋಡಿಯೇ ಸಹಿ ಹಾಕುತ್ತೇನೆ ಎಂದೆ. ಜಗಳವಾಗಲಿಲ್ಲ. ‘ಆಯಿತು’ ಎಂದರು. ಬಿಲ್ಲುಗಳು ಪಕ್ಕದ ಮೇಜಿಗೆ ಹೋದವು, ಬಡ್ತಿಯೂ ಆ ಮೇಜಿಗೇ ಹೋಯಿತು. ಎಂಟು ತಿಂಗಳಿಗೆ ಕಡಿಮೆ ಸಂಬಳದ ಬೇರೆ ಕೆಲಸ ಹಿಡಿದೆ. ಬೈಬಲಿನ ಸುಂಕದವ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದ. ನಾನು ಒಂದರಷ್ಟೂ ಕೊಡಲಿಲ್ಲ, ಮೇಲಿನವರಿಗೆ ದೂರನ್ನೂ ಕೊಡಲಿಲ್ಲ. ಧೈರ್ಯ ಅಲ್ಲಿಗೇ ಮುಗಿದಿತ್ತು. ಇದನ್ನು ಓದಿ ನನ್ನನ್ನು ನಂಬಿಕೆಗೆ ಮಾದರಿಯಾದ ಸಾಕ್ಷಿ ಎಂದು ತಿಳಿಯಬೇಡಿ. ಆ ಕಥೆಯಲ್ಲಿ ಸರಿಯಾಗಿ ನಡೆದುಕೊಂಡವರು ನಮಾಜಿಗೆ ಹೋದ ಸಾಹೇಬರು.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತ್ತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ, ನಮ್ಮ ಮನೆಯವರೂ ಅವರೇ. ಶೇಂದಿ ಇಳಿಸುವ ಅವರ ಕಸುಬು ವಿಶ್ವಾಸಿಗೆ ತಕ್ಕದ್ದಲ್ಲ ಎಂದು ಮಿಶನ್ ಹೇಳಿತು. ಮರ ಇಳಿದವನು ಊಟಕ್ಕೆ ಏನು ಮಾಡಬೇಕು? ಆ ತೊಡಕು ಬಿಡಿಸಲೆಂದೂ ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕರಾವಳಿಯ ಕೆಂಪು ಹಂಚಿನ ಮಾಡುಗಳ ಹಿಂದೆ ಹೀಗೆ ಕಸುಬು ಬಿಟ್ಟವರ ಕೈಗಳೂ ಇವೆ. ಅದನ್ನು ಸ್ವರ್ಣಯುಗವೆಂದು ನಾನು ಹಾಡುವುದಿಲ್ಲ. ಸಂಬಳ ಕೊಡುವ ಮಿಶನ್ನೇ ಸಭೆಯ ಶಿಸ್ತನ್ನೂ ನೋಡಿಕೊಳ್ಳುತ್ತಿದ್ದಾಗ ಭಕ್ತಿ ಎಷ್ಟು, ಹೊಟ್ಟೆಪಾಡು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಒಂದು ಮಾತು ಅವರಿಗೆ ತಿಳಿದಿತ್ತು: ದುಡಿಮೆಯನ್ನು ಬದಿಗಿಟ್ಟು ನಂಬಿಕೆಯ ಮಾತಾಡಲು ಆಗುವುದಿಲ್ಲ.

ಇನ್ನು ನೀವು ಕೇಳಿದ ಪಾರ್ಟಿ. ಅದರ ಬಗ್ಗೆ ನನಗೆ ಈಗ ಅಷ್ಟು ಗಾಬರಿಯಿಲ್ಲ. ಕಾನಾ ಊರಿನ ಮದುವೆಗೆ ಯೇಸು ಹೋಗಿದ್ದ. ಅವನನ್ನು ಹೊಟ್ಟೆಬಾಕ, ಕುಡುಕ ಎಂದು ಆಡಿಕೊಂಡವರೂ ಇದ್ದರು. ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ಹೋಗಿ, ಜ್ಯೂಸ್ ಕುಡಿದು, ಅವನ ತಾಯಿಯ ಕಾಯಿಲೆಯ ವಿಚಾರ ಕೇಳಿ ಬನ್ನಿ. ಕುಡಿತ ನಿಮ್ಮ ದೌರ್ಬಲ್ಯವೆಂದು ಗೊತ್ತಿದ್ದರೆ ಹೋಗಬೇಡಿ. ಇಷ್ಟಕ್ಕೆ ದೊಡ್ಡ ದೈವಶಾಸ್ತ್ರ ಬೇಡ.

ಆಯುಧಪೂಜೆ ಸ್ವಲ್ಪ ಸೂಕ್ಷ್ಮ. ಕಚೇರಿಯಲ್ಲಿ ಕಂಪ್ಯೂಟರಿಗೆ ಹೂವಿಟ್ಟು ಕಡಲೆಪುರಿ ಹಂಚುತ್ತಾರೆ. ನಾನು ಬಾಳೆಕಂಬ ಕಟ್ಟಲು ಕೈ ಕೊಡುತ್ತಿದ್ದೆ, ಆರತಿಯ ಹೊತ್ತಿಗೆ ಹಿಂದೆ ನಿಲ್ಲುತ್ತಿದ್ದೆ, ಪ್ರಸಾದವೆಂದು ಕೊಟ್ಟದ್ದನ್ನು ಕೈಮುಗಿದು ಬೇಡವೆನ್ನುತ್ತಿದ್ದೆ. ಒಮ್ಮೆ ಕಾರಣ ಹೇಳಿದ ಮೇಲೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮರುವರ್ಷದಿಂದ ಪೂಜೆಗೆ ಇಡದ ಒಂದು ಪೊಟ್ಟಣವನ್ನು ನನಗೆಂದೇ ಎತ್ತಿಡುತ್ತಿದ್ದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳಲ್ಲಿ ಪೌಲನು ಇದೇ ತೊಡಕನ್ನು, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂಬುದನ್ನು, ಬಿಡಿಸುತ್ತಾನೆ. ಅಲ್ಲಿ ಅವನ ಲೆಕ್ಕದಲ್ಲಿ ಊಟಕ್ಕಿಂತ ಎದುರಿಗಿರುವವನ ಮನಸ್ಸಾಕ್ಷಿಗೆ ಹೆಚ್ಚು ತೂಕ. ನಿಮ್ಮ ಸಭೆಯ ಹಿರಿಯರು ಬೇರೆ ಥರ ಹೇಳಬಹುದು, ಕೇಳಿ ನೋಡಿ.

ನಿಮಗೆ ಒಂದೇ ಒಂದು ಸಲಹೆ ಕೊಡು ಎಂದರೆ, ನೀವು ಬಾರದಿದ್ದರೆ ಯಾರಾದರೂ ಫೋನ್ ಮಾಡುವಂಥ ಸಭೆಗೆ ಸೇರಿ ಎನ್ನುತ್ತೇನೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ದೊಡ್ಡ ದೊಡ್ಡ ದೇವಾಲಯಗಳಿಗೇ ಹೋಗುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಕೂತು ಆಶೀರ್ವಾದ ಮುಗಿಯುವ ಮೊದಲೇ ಎದ್ದು ಹೋದರೂ ಕೇಳುವವರಿಲ್ಲ. ಅದು ಹಿತವಾಗಿತ್ತು, ಆ ಹಿತವೇ ಹಾಳು. ಕನ್ನಡದಲ್ಲಿ ಆರಾಧನೆ ನಡೆಯುವ ಸಭೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕಾರ್ಪೊರೇಷನ್ ಕಚೇರಿಯ ಬಳಿಯ ಹಡ್ಸನ್ ಸ್ಮಾರಕ ದೇವಾಲಯ ಎಲ್ಲರಿಗೂ ಗೊತ್ತಿರುವಂಥದ್ದು, 1904ರದು. ಬಡಾವಣೆಗಳಲ್ಲಿ ಚಿಕ್ಕ ಸಭೆಗಳೂ ಇವೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಎಂದು ನಾವು ಬೇಡುವುದು ಗಮನಿಸಿ, ‘ನನ್ನನ್ನು’ ಎಂದಲ್ಲ. ಮನೆ ಪ್ರಾರ್ಥನೆಗಳಿಗೆ ಹೋಗಿ. ಅಲ್ಲಿ ಹಾಡು ಶ್ರುತಿ ತಪ್ಪುತ್ತದೆ, ಚಹಾ ಸಿಹಿ ಜಾಸ್ತಿ, ಯಾರೋ ಒಬ್ಬ ಅಜ್ಜ ಅರ್ಧ ಗಂಟೆ ಪ್ರಾರ್ಥಿಸುತ್ತಾರೆ. ಆದರೆ ಹೊರಡುವಾಗ ಅದೇ ಅಜ್ಜ ‘ಕೆಲಸ ಹೇಗಿದೆ ಮಗಾ, ನೆಮ್ಮದಿಯಾಗಿದ್ದೀಯಾ?’ ಎಂದು ಕೈ ಹಿಡಿದು ಕೇಳುತ್ತಾರೆ. 2003ರಲ್ಲಿ ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಖಜಾಂಚಿಯನ್ನು ಹರಾಜಿನ ಬಾಕಿ ಕೇಳುತ್ತಾರೆಯೇ ಹೊರತು ನೆಮ್ಮದಿಯನ್ನಲ್ಲ.

ಮೊಬೈಲಿನ ವಿಷಯದಲ್ಲಿ ನಾನು ಗುರುವಲ್ಲ. ಬೆಳಿಗ್ಗೆ ಎದ್ದೊಡನೆ ಸೂರ್ಯೋದಯದ ಚಿತ್ರದ ಮೇಲೆ ವಾಕ್ಯ ಬರೆದದ್ದನ್ನು ಆರು ಗುಂಪುಗಳಿಗೆ ಕಳಿಸಿ, ಆ ಅಧ್ಯಾಯವನ್ನು ತೆರೆದೂ ನೋಡದೆ ಕ್ರಿಕೆಟ್ ಸ್ಕೋರಿಗೆ ಹೋಗುವವನು ನಾನು. ನಿವೃತ್ತಿಯಾದ ಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ನಮ್ಮ ಅಜ್ಜಿ ರಾತ್ರಿ ಎಂಟಕ್ಕೆ ಸತ್ಯವೇದ (ಬೈಬಲ್) ಬಿಚ್ಚಿದರೆ ಅದರೊಳಗಿಂದ ಮೊದಲು ರೇಷನ್ ಚೀಟಿ, ಹಾಲಿನ ಲೆಕ್ಕ, ಯಾರದೋ ಮದುವೆಯ ಕಾಗದ ಬೀಳುತ್ತಿದ್ದವು. ಅವನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು ಕೀರ್ತನೆ ಓದುತ್ತಿದ್ದರು. ನಾನು ಓದಲು ಕೂತರೆ ಹಾಗೆ ಬೀಳುವುದಕ್ಕೆ ಕೊನೆಯೇ ಇಲ್ಲ, ಜೋಡಿಸಲು ಮಡಿಲೂ ಸಾಲದು. ಹೋದ ತಿಂಗಳಿನಿಂದ ಎಂಟು ಗಂಟೆಗೆ ಮೊಬೈಲನ್ನು ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲಿಟ್ಟು ಬಂದು ಕೂರುತ್ತೇನೆ. ಹೆಂಡತಿ ಓದುತ್ತಾಳೆ, ನಾನು ಕೇಳುತ್ತೇನೆ. ನಿನ್ನೆ ಒಂದು ಕೀರ್ತನೆ ಮುಗಿಯುವುದರೊಳಗೆ ಎರಡು ಸಲ ನೀರು ಕುಡಿಯುವ ನೆಪದಲ್ಲಿ ಎದ್ದೆ. ಎರಡನೆಯ ಸಲ ಅವಳು ಓದು ನಿಲ್ಲಿಸಿ, ನಾನು ವಾಪಸು ಬಂದು ಕೂರುವವರೆಗೆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾದಳು.