ಒಬ್ಬರ ಅಡಿಕೆ ಇನ್ನೊಬ್ಬರ ಚೀಟಿಗೆ ಯಾಕೆ ಬರುತ್ತದೆ?

ಬದಿಯಡ್ಕದ ಅಡಿಕೆ ಅಂಗಡಿಗೆ ಜ್ಯಾಂಗೋದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ) ಬಿಲ್ ಪುಟ ಮಾಡಿದ್ದೀರಿ. ಒಬ್ಬರ ಚೀಟಿಯಲ್ಲಿ ಹಿಂದಿನವರ ಪಟೋರ, ಕರಿಗೋಟು ಎಂಬ ಅಡಿಕೆ ದರ್ಜೆಗಳೆಲ್ಲ ಬರುತ್ತಿವೆ. ಪ್ರತಿ ರಿಕ್ವೆಸ್ಟ್‌ಗೂ ವ್ಯೂ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕ್ಲಾಸ್) ಹೊಸದಾಗಿ ಹುಟ್ಟುತ್ತದಲ್ವಾ ಎಂದು ಕೇಳಿದ್ದೀರಿ.

ಹೌದು, ಹುಟ್ಟುತ್ತದೆ. ಯುಆರ್‌ಎಲ್ ಫೈಲಿನ ಆ್ಯಸ್_ವ್ಯೂ ಒಂದೇ ಸಲ ಓಡಿ ಒಂದು ಫಂಕ್ಷನ್ ಕೊಡುತ್ತದೆ. ಆ ಫಂಕ್ಷನ್ ಪ್ರತಿ ರಿಕ್ವೆಸ್ಟ್‌ಗೂ ಕ್ಲಾಸಿನ ಹೊಸ ಇನ್‌ಸ್ಟನ್ಸ್ (ಆ ಅಚ್ಚಿನಿಂದ ತೆಗೆದ ಒಂದು ಪ್ರತಿ) ಮಾಡಿ, ಸಿದ್ಧತೆಯ ಸೆಟಪ್ ಕರೆದು, ಆಮೇಲೆ ಗೆಟ್, ಪೋಸ್ಟ್‌ನಂಥ ಸರಿಯಾದ ಮೆಥಡ್‌ಗೆ ಕಳಿಸುವ ಡಿಸ್ಪ್ಯಾಚ್ ಕರೆಯುತ್ತದೆ.

ಎಡವಟ್ಟು ಇರುವುದು ಕ್ಲಾಸ್ ಹೆಸರಿನ ಕೆಳಗೇ ನೀವು ಬರೆದ 'ಐಟಮ್ಸ್ = []' ಸಾಲಿನಲ್ಲಿ. ಆ ಲಿಸ್ಟ್ ಕ್ಲಾಸಿನದ್ದು, ಇನ್‌ಸ್ಟನ್ಸ್‌ನದ್ದಲ್ಲ. 'ಸೆಲ್ಫ್.ಐಟಮ್ಸ್.ಅಪೆಂಡ್' ಅಂದಾಗ ಪೈಥಾನ್ ಮೊದಲು ಇನ್‌ಸ್ಟನ್ಸ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಕ್ಲಾಸಿನ ಲಿಸ್ಟನ್ನೇ ಹಿಡಿದು ತುಂಬಿಸುತ್ತದೆ. ಅಂಗಡಿಯವರೆಲ್ಲ ಒಂದೇ ಗೋಣಿಗೆ ಸುರಿದ ಹಾಗೆ.

ಸೆಟಪ್ ಮೆಥಡ್ ಬರೆದು, ಅದರಲ್ಲಿ ಸೂಪರ್ ಮೂಲಕ ಮೂಲ ಕ್ಲಾಸಿನ ಸೆಟಪ್ ಕರೆದ ಮೇಲೆ 'ಸೆಲ್ಫ್.ಐಟಮ್ಸ್ = []' ಎಂದು ಹಾಕಿ. ಪೋಸ್ಟ್ ಮೆಥಡ್‌ನೊಳಗೆ ಮಾತ್ರ ಬೇಕಿದ್ದರೆ ಸುಮ್ನೆ ಲೋಕಲ್ ವೇರಿಯೇಬಲ್ ಸಾಕು, ನನಗೆ ಅದೇ ಜಾಸ್ತಿ ಇಷ್ಟ. ಟೆಂಪ್ಲೇಟ್ ಹೆಸರಿನಂಥ ಬದಲಾಗದ ಸಂಗತಿ ಕ್ಲಾಸಿನಲ್ಲೇ ಇರಲಿ. ಆ್ಯಸ್_ವ್ಯೂಗೆ ಕೊಟ್ಟ ಡಿಕ್ಷನರಿಯೂ ಎಲ್ಲ ರಿಕ್ವೆಸ್ಟ್‌ಗೂ ಅದೇ ಒಂದು, ಅದನ್ನು ತಿದ್ದಬೇಡಿ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದು ಕಾಣದ್ದಕ್ಕೆ ಕಾರಣ ಇಷ್ಟೇ ಇರಬೇಕು: ಪೈಥಾನ್ ಫೈಲ್ ಸೇವ್ ಮಾಡಿದಾಗಲೆಲ್ಲ ಜ್ಯಾಂಗೋದ ಪರೀಕ್ಷೆಯ ಸರ್ವರ್ ಆದ ರನ್‌ಸರ್ವರ್ ಮತ್ತೆ ಶುರುವಾಗಿ ಲಿಸ್ಟ್ ಖಾಲಿಯಾಗುತ್ತದೆ. ನಿಜವಾದ ಸೈಟ್ ಓಡಿಸುವ ಗುನಿಕಾರ್ನ್ ಸರ್ವರ್‌ನಲ್ಲಿ ಹಾಗಲ್ಲ. ಅದರ ಒಂದೊಂದು ವರ್ಕರ್‌ಗೂ (ಪ್ರತ್ಯೇಕವಾಗಿ ಓಡುವ ಪ್ರೊಸೆಸ್) ಒಂದೊಂದು ಲಿಸ್ಟ್, ಹಾಗಾಗಿ ತಪ್ಪು ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಚೀಟಿಯ ಮಾಹಿತಿ ಮುಂದಿನ ರಿಕ್ವೆಸ್ಟ್‌ವರೆಗೂ ಉಳಿಯಬೇಕಿದ್ದರೆ ಸೆಷನ್ ಅಥವಾ ಡೇಟಾಬೇಸಿಗೆ ಹಾಕಿ.