ಇಟಗಿಯ ಪುಟಕ್ಕೆ ನೀವು ಬರೆದದ್ದು

ನಮಸ್ಕಾರ.

ಕನ್ನಡ ವಿಕಿಪೀಡಿಯದಲ್ಲಿರುವ, ಕೊಪ್ಪಳ ಜಿಲ್ಲೆಯ ಇಟಗಿ ಮಹಾದೇವ ದೇವಾಲಯದ ಪುಟಕ್ಕಾಗಿ ನೀವು ಪ್ರಯೋಗಪುಟದಲ್ಲಿ (ಕರಡು ಬರೆದು ನೋಡುವ ನಿಮ್ಮ ಪುಟದಲ್ಲಿ) ಬರೆದಿಟ್ಟಿರುವ ಆರು ಪ್ಯಾರಾಗಳನ್ನು ಎರಡು ಸಲ ಓದಿದೆ. ಕಳೆದ ವಾರ ನೀವು ಇವನ್ನೇ ನೇರವಾಗಿ ಪುಟಕ್ಕೆ ಹಾಕಿದಾಗ ತೆಗೆದವನು ನಾನೇ. ‘ಉಲ್ಲೇಖವಿಲ್ಲ’ ಎಂದಷ್ಟೇ ಬರೆದು ಸುಮ್ಮನಾದದ್ದು ತಪ್ಪು, ಕ್ಷಮಿಸಿ. ಹೊಸಬರಿಗೆ ಆ ಒಂದು ಪದದಿಂದ ಏನೂ ತಿಳಿಯುವುದಿಲ್ಲ. ‘ನನ್ನ ತಾಯಿಯ ತವರೂರಿನ ಗುಡಿಯ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?’ ಎಂದು ನೀವು ಚರ್ಚೆಪುಟದಲ್ಲಿ ಕೇಳಿದಿರಿ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಗೊತ್ತಿರುವುದು ನಿಮಗೇ, ಒಪ್ಪಿದೆ. ಆದರೆ ನಾಳೆ ಆ ಪುಟವನ್ನು ತೆರೆಯುವ ಬೀದರಿನ ವಿದ್ಯಾರ್ಥಿನಿಗೆ ನೀವು ಯಾರೆಂದು ಗೊತ್ತಿಲ್ಲ, ನಾನು ಯಾರೆಂದೂ ಗೊತ್ತಿಲ್ಲ. ನಮ್ಮ ಪುಟಗಳ ಮೇಲೆ ಲೇಖಕರ ಹೆಸರಿರುವುದಿಲ್ಲ. ‘ಇವರು ಹೇಳಿದ್ದಾರೆಂದರೆ ನಿಜವೇ ಇರಬೇಕು’ ಎನ್ನಲು ಅವಳಿಗೆ ಆಧಾರವೇ ಇಲ್ಲ. ಅವಳ ಕೈಗೆ ನಾವು ಕೊಡಬಹುದಾದದ್ದು ಒಂದೇ: ಈ ಮಾತು ಇಂಥ ಪುಸ್ತಕದ ಇಂಥ ಪುಟದಲ್ಲಿದೆ, ಬೇಕಾದರೆ ತೆರೆದು ನೋಡು ಎಂಬ ಗುರುತು. ಪರಿಶೀಲನೆಗೆ ಒದಗಬೇಕು, ಸ್ವಂತ ಸಂಶೋಧನೆ ಸಲ್ಲದು, ತಟಸ್ಥವಾಗಿರಬೇಕು ಎಂದೆಲ್ಲ ನಾವು ಹೇಳುವ ನಿಯಮಗಳು ಹುಟ್ಟಿದ್ದು ಅವಳಿಗಾಗಿ.

ಈಗ ನಿಮ್ಮ ಮೊದಲ ವಾಕ್ಯ. ‘1112ರಲ್ಲಿ ಮಹಾನ್ ದಂಡನಾಯಕ ಮಹಾದೇವನು ಸ್ವರ್ಗವನ್ನೇ ನಾಚಿಸುವಂಥ ಈ ದೇವಾಲಯವನ್ನು ನಿರ್ಮಿಸಿದ್ದು, ಇಡೀ ಜಗತ್ತೇ ಇದನ್ನು ದೇವಾಲಯಗಳ ಚಕ್ರವರ್ತಿ ಎಂದು ಕೊಂಡಾಡುತ್ತದೆ’ ಎಂದಿದ್ದೀರಿ. ಇದನ್ನು ಹೀಗೆ ಬರೆದು ನೋಡಿ: ‘ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನು. ಇಲ್ಲಿಯ ಶಾಸನವು ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ.’ ಎರಡನ್ನೂ ಗಟ್ಟಿಯಾಗಿ ಓದಿ. ಇಡೀ ಜಗತ್ತು ಕೊಂಡಾಡಿದ್ದನ್ನು ಯಾರೂ ಕಂಡಿಲ್ಲ. ಒಂಬೈನೂರು ವರ್ಷಗಳ ಹಿಂದೆ ಆ ಊರಿನಲ್ಲೇ ನಿಂತು ಒಬ್ಬ ಕವಿ ಹಾಗೆ ಕರೆದ, ಮತ್ತೊಬ್ಬ ಅದನ್ನು ಕಲ್ಲಿನ ಮೇಲೆ ಕೊರೆದ. ಹೊಗಳಿಕೆಯನ್ನು ಹೊಗಳಿದವರ ಬಾಯಿಂದಲೇ ಹೇಳಿಸಿದರೆ ನಿಮ್ಮ ಗುಡಿಯ ಗೌರವ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ‘ಮಹಾನ್’, ‘ಅದ್ಭುತ’, ‘ವಿಶ್ವವಿಖ್ಯಾತ’ ಇವೆಲ್ಲ ಆರೂ ಪ್ಯಾರಾಗಳಲ್ಲಿ ಹರಡಿಕೊಂಡಿವೆ. ಎಲ್ಲವನ್ನೂ ತೆಗೆಯಿರಿ.

ಆ ಶಾಸನವನ್ನು ಎಲ್. ಡಿ. ಬಾರ್ನೆಟ್ ಅವರು ಶಾಸನಗಳ ಗ್ರಂಥಮಾಲೆಯಾದ ಎಪಿಗ್ರಾಫಿಯಾ ಇಂಡಿಕಾದ 13ನೇ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕಟ್ಟಡದ ಬಗ್ಗೆ ಹೆನ್ರಿ ಕಸೆನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು 1926ರಲ್ಲಿ ಹೊರತಂದ ಪುಸ್ತಕವಿದೆ. ಹಳೆಯ ಪುಸ್ತಕಗಳಾದ್ದರಿಂದ ಎರಡರ ಸ್ಕ್ಯಾನ್ ಪ್ರತಿಗಳೂ ಅಂತರಜಾಲದಲ್ಲಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನೂ ನೋಡಿ. ಓದುವಾಗ ಒಂದು ಎಚ್ಚರಿಕೆ: ಹಳೆಯ ಪುಸ್ತಕಗಳಲ್ಲಿ ಇಟಗಿ ನಿಜಾಮರ ಸೀಮೆಯಲ್ಲಿರುತ್ತದೆ, ಆಮೇಲಿನವುಗಳಲ್ಲಿ ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನಲ್ಲಿರುತ್ತದೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ಕುಕನೂರು ತಾಲ್ಲೂಕು ಆದದ್ದು ಇನ್ನೂ ಇತ್ತೀಚೆಗೆ. ಪುಸ್ತಕದಲ್ಲಿದೆ ಎಂದು ಹಳೆಯ ಜಿಲ್ಲೆಯನ್ನು ಬರೆಯಬೇಡಿ, ಈಗಿನದು ಬೇರೆ ಎಂದು ಪುಸ್ತಕವನ್ನೇ ತಳ್ಳಿಹಾಕಲೂಬೇಡಿ. ಕಟ್ಟಡದ ಮಾತಿಗೆ ಕಸೆನ್ಸ್, ತಾಲ್ಲೂಕಿಗೆ ಇಂದಿನ ಸರ್ಕಾರಿ ದಾಖಲೆ. ಒಂದೊಂದು ಮಾತಿಗೆ ಒಂದೊಂದು ಮೂಲ. ಉಲ್ಲೇಖವನ್ನು ಆಯಾ ವಾಕ್ಯದ ಕೊನೆಗೇ ಸಂಪುಟ ಮತ್ತು ಪುಟಸಂಖ್ಯೆಯೊಡನೆ ಕೊಡಿ. ನೀವು ಮಾಡಿದ ಹಾಗೆ ಎಲ್ಲ ಮೂಲಗಳನ್ನೂ ಲೇಖನದ ಕೊನೆಯಲ್ಲಿ ಗುಡ್ಡೆ ಹಾಕಿದರೆ ಯಾವ ಮಾತು ಎಲ್ಲಿಂದ ಬಂತೆಂದು ಹುಡುಕಲಾಗದು.

ನೀವು ಮೂಲವೆಂದು ಕೊಟ್ಟಿರುವ ಪ್ರವಾಸದ ಜಾಲತಾಣದ ಕೊಂಡಿಯನ್ನು ತೆರೆದು ನೋಡಿದೆ. ಅದರ ಮೊದಲೆರಡು ವಾಕ್ಯಗಳು ಚಿಹ್ನೆಗಳ ಸಮೇತ ನಮ್ಮದೇ ಪುಟದವು. ನಮ್ಮ ಪುಟದ ‘ಇತಿಹಾಸ’ವನ್ನು ತೆರೆದರೆ ಆ ವಾಕ್ಯಗಳು ನಮ್ಮಲ್ಲಿ ಮೊದಲು ಬಂದದ್ದು ದಿನಾಂಕದೊಡನೆ ಕಾಣುತ್ತದೆ. ಅವರು ನಮ್ಮಿಂದ ನಕಲು ಮಾಡಿದ್ದಾರೆ, ನೀವು ಅವರನ್ನು ನಮಗೆ ಸಾಕ್ಷಿಯಾಗಿ ತಂದಿದ್ದೀರಿ. ನಮ್ಮ ತಪ್ಪು ಹೀಗೆ ಒಂದು ಸುತ್ತು ಹೊಡೆದು ಬಂದು ನಮ್ಮಲ್ಲೇ ಪುರಾವೆಯಾಗಿ ಕೂತುಬಿಡುತ್ತದೆ. ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ಸಾಲದ್ದಕ್ಕೆ ಆ ಜಾಲತಾಣ ಗದಗ ಜಿಲ್ಲೆಯ ಇಟಗಿಯ ಭೀಮಾಂಬಿಕೆಯ ಜಾತ್ರೆಯನ್ನೂ ನಿಮ್ಮ ಇಟಗಿಗೆ ತಂದು ಸೇರಿಸಿದೆ. ಅದು ಬೇರೆ ಊರೆಂದು ನಿಮಗೆ ಗೊತ್ತಿರಬೇಕಿತ್ತು, ಆದರೂ ಆ ಸಾಲು ನಿಮ್ಮ ನಾಲ್ಕನೆಯ ಪ್ಯಾರಾದಲ್ಲಿ ಉಳಿದಿದೆ. ಊರಿನವರ ತಿಳಿವಳಿಕೆ ನಿಜವಾಗಿ ಬೇಕಾಗುವುದು ಇಂಥ ಕಡೆ: ಮೂಲ ತಪ್ಪಿದ್ದರೆ ಅದು ತಪ್ಪೆಂದು ಮೊದಲು ಹಿಡಿಯಬೇಕಾದವರು ನೀವೇ.

ಮೂರನೆಯ ಪ್ಯಾರಾ ಇಂಗ್ಲಿಷ್ ಪುಟದಿಂದ ಯಂತ್ರ ಮಾಡಿಕೊಟ್ಟ ಅನುವಾದ. ‘ಸಾಬೂನು ಕಲ್ಲಿನಿಂದ’ ಎಂದಿರುವುದನ್ನು ಕಂಡು ಸಂಕಟವಾಯಿತು. ಅದು ಬಳಪದ ಕಲ್ಲು. ‘ಮುಚ್ಚಿದ ಸಭಾಂಗಣ’, ‘ತೆರೆದ ಸಭಾಂಗಣ’ ಎಂದು ಬರೆದಿದ್ದೀರಿ. ಗರ್ಭಗೃಹ, ಅಂತರಾಳ, ನವರಂಗ, ಮುಖಮಂಟಪ ಎಂಬ ಪದಗಳು ನಮಗೆ ಎಂದೋ ಇವೆ. ಅನುವಾದ ಮಾಡುವುದು ತಪ್ಪಲ್ಲ. ಇಂಗ್ಲಿಷ್ ಪುಟದಿಂದ ತಂದದ್ದೆಂದು ಸಂಪಾದನೆಯ ಸಾರಾಂಶದಲ್ಲಿ (ಬದಲಾವಣೆಯನ್ನು ಉಳಿಸುವಾಗ ಬರೆಯುವ ಚಿಕ್ಕ ಟಿಪ್ಪಣಿಯಲ್ಲಿ) ಹೇಳಿ, ಅಲ್ಲಿಯ ಉಲ್ಲೇಖಗಳನ್ನು ನೀವೇ ತೆರೆದು ನೋಡಿ, ಆಮೇಲೆ ಕನ್ನಡದಲ್ಲಿ ಬರೆಯಿರಿ. ಯಂತ್ರದ ನೆರವಿನಿಂದ ಬಂದ ಉದ್ದುದ್ದ ಲೇಖನಗಳನ್ನು ತಿದ್ದುವುದರಲ್ಲಿ ನಮ್ಮಲ್ಲಿ ಕೆಲವರ ವರ್ಷಗಳೇ ಕಳೆದಿವೆ.

ಐದನೆಯ ಪ್ಯಾರಾ ಪತ್ರಿಕೆಯ ಭಾನುವಾರದ ಪುರವಣಿಯಿಂದ ಅಕ್ಷರಕ್ಕೆ ಅಕ್ಷರ ತೆಗೆದದ್ದು. ಕೆಳಗೆ ಪತ್ರಿಕೆಯ ಹೆಸರಿದೆ ನಿಜ, ಆದರೂ ಅದನ್ನು ಇಡಲಾಗದು. ನಾವು ಇಲ್ಲಿ ಉಳಿಸುವ ಪ್ರತಿ ಪದವನ್ನೂ ಯಾರು ಬೇಕಾದರೂ ಮರುಬಳಸಬಹುದಾದ ಪರವಾನಗಿಯಡಿ ಬಿಟ್ಟುಕೊಡುತ್ತೇವೆ. ಬೇರೆಯವರ ಬರಹವನ್ನು ಹಾಗೆ ಬಿಟ್ಟುಕೊಡುವ ಹಕ್ಕು ನಮಗಿಲ್ಲ. ಅದರಲ್ಲಿರುವ ಸಂಗತಿಯನ್ನು ನಿಮ್ಮ ಮಾತಿನಲ್ಲಿ ಬರೆದು ಪತ್ರಿಕೆಯನ್ನು ಉಲ್ಲೇಖಿಸಿ. ಫೋಟೋಗಳಿಗೂ ಇದೇ ಮಾತು. ಅಂತರಜಾಲದಿಂದ ಇಳಿಸಿಕೊಂಡ ಗೋಪುರದ ಚಿತ್ರ ಬೇಡ. ನೀವೇ ಮೊಬೈಲಿನಲ್ಲಿ ತೆಗೆದ ಪುಷ್ಕರಣಿಯ ಚಿತ್ರ ಬಹಳ ಚೆನ್ನಾಗಿದೆ, ಅದನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ಮುಕ್ತ ಸಂಗ್ರಹವಾದ ಕಾಮನ್ಸ್‌ಗೆ ಏರಿಸಿ.

ಉಳಿದದ್ದು ಅಜ್ಜ ಹೇಳುತ್ತಿದ್ದ ಸುರಂಗದ ಕಥೆ. ಎಲ್ಲಕ್ಕಿಂತ ಪ್ರೀತಿಯಿಂದ ಬರೆದಿರುವ ಪ್ಯಾರಾ ಅದೇ ಎಂದು ಓದಿದ ಕೂಡಲೇ ತಿಳಿಯಿತು. ಅದನ್ನು ಸೇರಿಸಲಾಗದು ಎಂದು ಹೇಳುವುದು ನನಗೂ ಕಷ್ಟ. ಎಲ್ಲೂ ಅಚ್ಚಾಗದ ಮಾತನ್ನು ಪರಿಶೀಲಿಸುವ ದಾರಿ ನಮಗಿಲ್ಲ. ಜಾನಪದದ ಸಂಗ್ರಹವೊಂದರಲ್ಲೋ ಊರಿನ ಬಗೆಗಿನ ಪುಸ್ತಕದಲ್ಲೋ ಆ ಕಥೆ ಅಚ್ಚಾಗಿದ್ದರೆ ‘ಹೀಗೊಂದು ಪ್ರತೀತಿ ಇದೆ’ ಎಂದು ಖಂಡಿತ ಸೇರಿಸೋಣ. ಇಲ್ಲದಿದ್ದರೆ ಅದನ್ನು ನಿಮ್ಮ ಹೆಸರಿನಲ್ಲೇ ಬರೆದು ಪತ್ರಿಕೆಗೆ ಕಳಿಸಿ. ವಿಶ್ವಕೋಶದಲ್ಲಿ ಅದು ಹೆಸರಿಲ್ಲದ ಒಂದು ಸಾಲಾಗುತ್ತಿತ್ತು, ಅಲ್ಲಿ ಅಜ್ಜನ ಹೆಸರೂ ಉಳಿಯುತ್ತದೆ.

ಎರಡನೆಯ ಪ್ಯಾರಾವನ್ನು ಇದುವರೆಗೆ ಮುಟ್ಟಲಿಲ್ಲ. ಮಹಾದೇವನು ತಂದೆತಾಯಿಯರ ನೆನಪಿಗೆ ಕಟ್ಟಿಸಿದ ಮೂರ್ತಿನಾರಾಯಣ ಮತ್ತು ಚಂದಲೇಶ್ವರಿ ಗುಡಿಗಳ ಬಗ್ಗೆ ನೀವು ಬರೆದಿರುವ ಆ ನಾಲ್ಕು ಸಾಲುಗಳು ನೇರವಾಗಿವೆ, ಅಚ್ಚುಕಟ್ಟಾಗಿವೆ. ಬಾರ್ನೆಟ್ ಅವರ ಶಾಸನಪಾಠವನ್ನು ತೆರೆದು, ಹೆಸರುಗಳನ್ನು ಅಲ್ಲಿರುವ ರೂಪದೊಡನೆ ಹೋಲಿಸಿ, ಪುಟಸಂಖ್ಯೆ ಸೇರಿಸಿ. ಮೊದಲು ಇದೊಂದನ್ನೇ ಪುಟಕ್ಕೆ ಹಾಕಿ, ಉಳಿದವನ್ನು ಒಂದೊಂದಾಗಿ ತನ್ನಿ. ಸಾರಾಂಶದಲ್ಲಿ ‘ಶಾಸನದ ಆಧಾರದಿಂದ ಮಾಹಿತಿ ಸೇರ್ಪಡೆ’ ಎಂದು ಬರೆಯಿರಿ. ಆ ಸಂಪುಟದ ಸ್ಕ್ಯಾನ್ ಸಿಗದಿದ್ದರೆ ನನ್ನ ಚರ್ಚೆಪುಟದಲ್ಲಿ ತಿಳಿಸಿ, ಕೊಂಡಿ ಹುಡುಕಿ ಕೊಡುತ್ತೇನೆ.